ಕ್ಲಿಷ್ಟನಾಮಮೀಮಾಂಸೆ

ಹೆಸರನ್ನು ಯಾವ ದಿನ ಇಡಬೇಕು, ಅದರಲ್ಲಿ ಎಷ್ಟು ಅಕ್ಷರಗಳಿರಬೇಕು, ಯಾವ ವರ್ಣದಿಂದ ಆರಂಭವಾಗಿ ಯಾವ ಸ್ವರದಲ್ಲಿ ಮುಗಿಯಬೇಕು ಎಂಬುದನ್ನೆಲ್ಲ ಗೃಹ್ಯಸೂತ್ರಕಾರರು ಬಹು ಹಿಂದೆಯೇ ವಿಧಿಸಿಟ್ಟಿದ್ದಾರೆ. ಇಟ್ಟ ಹೆಸರನ್ನು ನೆರೆಮನೆಯವರು ಹೇಗೆ ಕರೆದಾರು, ಕಚೇರಿಯವರು ಹೇಗೆ ಬರೆದಾರು ಎಂಬ ಪ್ರಶ್ನೆಯನ್ನು ಮಾತ್ರ ಆ ಪೂರ್ವಾಚಾರ್ಯರು ಎತ್ತಲಿಲ್ಲ. ಹೆಂಗಸರ ಹೆಸರು ಸುಖೋದ್ಯವಾಗಿರಬೇಕು, ಅಂದರೆ ಸುಖವಾಗಿ ನುಡಿಯಲು ಬರುವಂತಿರಬೇಕು ಎಂದು ಮನುವು ಒಂದು ಮಾತು ಹೇಳಿ ಮುಂದೆ ಸಾಗಿದ್ದಾನೆ; ಯಾರಿಗೆ ಸುಖ, ಯಾವ ಊರಿನ ಬಾಯಿಗೆ ಸುಖ ಎಂಬುದನ್ನು ವಿವರಿಸಿಲ್ಲ. ಈ ನ್ಯೂನತೆಯ ಪರಿಹಾರಾರ್ಥವಾಗಿ ಕ್ಲಿಷ್ಟನಾಮಶಾಸ್ತ್ರವೆಂಬ ನೂತನ ಶಾಸ್ತ್ರವನ್ನು ಇಲ್ಲಿ ಪ್ರತಿಷ್ಠಾಪಿಸಲಾಗುತ್ತಿದೆ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಶಿಷ್ಟಾಚಾರ. ವಿಷಯ: ಅನ್ಯರಿಗೆ ನುಡಿಯಲೂ ಬರೆಯಲೂ ಕಷ್ಟವಾಗುವ ಶಿಶುನಾಮಗಳು. ಪ್ರಯೋಜನ: ಅಂಥ ಹೆಸರನ್ನು ತಿಳಿದು ಇಡುವುದು, ಇಲ್ಲವೇ ತಿಳಿದು ಬಿಡುವುದು. ಸಂಬಂಧ: ಪ್ರತಿಪಾದ್ಯಪ್ರತಿಪಾದಕಭಾವ. ಅಧಿಕಾರಿ: ಮೊಮ್ಮಗುವಿಗೆ ಹೆಸರು ಸೂಚಿಸಬೇಕೆಂದು ಮಗನಿಂದ ಫೋನು ಬಂದಿರುವ, ಪಂಚಾಂಗ ನೋಡಬಲ್ಲ, ಪಿಂಚಣಿ ಬರುತ್ತಿರುವ ಗೃಹಸ್ಥ. ಈ ಲಕ್ಷಣಗಳು ಪ್ರಕೃತ ಲೇಖಕನಲ್ಲಿ ನಿಶ್ಶೇಷವಾಗಿ ಸಮನ್ವಯವಾಗುತ್ತವೆ.

ಶಾಸ್ತ್ರದ ಜನ್ಮಭೂಮಿ ಹೇಮಾವತಿ. ಗೋರೂರಿನಲ್ಲಿ ಅಣೆಕಟ್ಟು ಕಟ್ಟಿಸಿಕೊಂಡ ನದಿಯಾಗಲಿ, ಮೇಳಕರ್ತರಾಗಗಳಲ್ಲಿ 58ನೆಯದಾಗಲಿ ಇಲ್ಲಿ ವಿವಕ್ಷಿತವಲ್ಲ. ಮಡಕಶಿರಾ ಸೀಮೆಯ ಅಮರಾಪುರ ಮಂಡಲದ ಗ್ರಾಮವೇ ವಿವಕ್ಷಿತ. ಒಂದು ಕಾಲಕ್ಕೆ ನೊಳಂಬವಾಡಿ 32,000ದ ರಾಜಧಾನಿಯಾಗಿದ್ದ ಈ ಊರು 1882ರಲ್ಲಿ ಹೊಸದಾಗಿ ರಚಿತವಾದ ಅನಂತಪುರ ಜಿಲ್ಲೆಗೆ ಸೇರಿತು, 1953ರಲ್ಲಿ ಆಂಧ್ರಕ್ಕೆ ಬಂತು, 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ಸಂತೆಗೆ ಎರಡೂ ಆದೀತು. ಮೈಲಿಗೊಂದರಂತೆ ಉಚ್ಚಾರಣೆ ಬದಲಾಗುವ ಇಂಥ ಸೀಮಾಂತದಲ್ಲಲ್ಲದೆ ಈ ಶಾಸ್ತ್ರ ಬೇರೆಲ್ಲಿಯೂ ಹುಟ್ಟಲಾರದು.

ನಿಮಿತ್ತವಿಷ್ಟು. ಮಗಳಂಥ ಸೊಸೆಗೆ ಹಿಂದೂಪುರದಲ್ಲಿ ಹೆರಿಗೆಯಾಗಿ ಹೆಣ್ಣು ಹುಟ್ಟಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಅಂದೇ ಫೋನು ಮಾಡಿ, "ಅಪ್ಪಾ, ಯಾರೂ ಇಟ್ಟಿರಬಾರದು, ಅಂಥದ್ದೊಂದು ಹೆಸರು ನೋಡಿ, ಸಂಜೆಗೆ ಹೇಳಿ" ಎಂದನು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು; ಹೆಸರನ್ನು ಮಾತ್ರ ಆಮೇಲೂ ಸೇರಿಸಬಹುದು. ಆದ್ದರಿಂದ ಹೆಸರಿನ ಕಲಮನ್ನು ಖಾಲಿ ಬಿಡಿಸಿ ನೋಂದಣಿ ಮಾಡಿಸಲಾಯಿತು. ತೊಟ್ಟಿಲುಶಾಸ್ತ್ರವೂ ಮುಂದಕ್ಕೆ ಹೋಯಿತು. ಶಾಸ್ತ್ರ ಸಿದ್ಧವಾಗದೆ ಶಾಸ್ತ್ರ ಮಾಡುವುದು ಹೇಗೆ ಎಂಬ ನನ್ನ ವಾದಕ್ಕೆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

1. ಲಕ್ಷಣನಿರೂಪಣೆ

ನಾಮವ್ಯವಹಾರದಲ್ಲಿ ನಾಲ್ವರು ಕಾರಕರು: ಇಡುವವನು ನಾಮದಾತೃ, ಹೊರುವವನು ನಾಮಿ, ಕರೆಯುವವನು ಆಹ್ವಾತೃ, ಬರೆಯುವವನು ಲಿಪಿಕಾರ. ನಾಮದಾತೃವಿನ ಬಾಯಲ್ಲಿ ಒಂದು ಬಗೆಯಾಗಿಯೂ, ಆಹ್ವಾತೃವಿನ ಬಾಯಲ್ಲಿ ಇನ್ನೊಂದು ಬಗೆಯಾಗಿಯೂ, ಲಿಪಿಕಾರನ ಕೈಯಲ್ಲಿ ಮೂರನೆಯ ಬಗೆಯಾಗಿಯೂ ಪರಿಣಮಿಸುವ ಹೆಸರೇ ಕ್ಲಿಷ್ಟನಾಮ. ಇದು ಲಕ್ಷಣ.

ಈ ಲಕ್ಷಣಕ್ಕೆ ಅತಿವ್ಯಾಪ್ತಿದೋಷವುಂಟೆಂದು ಪೂರ್ವಪಕ್ಷಿಗಳು ಶಂಕಿಸಬಹುದು. ನೆಗಡಿಯಾದವನ ಬಾಯಲ್ಲಿ 'ಮಂಜಮ್ಮ'ನೂ 'ಬಂಜಬ್ಬ' ಆಗುತ್ತಾಳೆ. ಹಾಗಾದರೆ ಮಂಜಮ್ಮ ಎಂಬುದೂ ಕ್ಲಿಷ್ಟವಾಗಲಿ ಎಂದು. ಸಮಾಧಾನ: ಆಹ್ವಾತೃ ಎಂಬಲ್ಲಿ 'ಅರೋಗಿಯಾದ' ಎಂಬ ವಿಶೇಷಣವನ್ನು ಸೇರಿಸಿಕೊಳ್ಳಬೇಕು. ಎಲೆಯಡಿಕೆ ಹಾಕಿಕೊಂಡವರ ವಿಷಯವೇನು? 'ರಿಕ್ತಮುಖನಾದ' ಎಂಬ ಇನ್ನೊಂದು ವಿಶೇಷಣದಿಂದ ಅವರೂ ವ್ಯಾವೃತ್ತರಾಗುತ್ತಾರೆ. ಆದರೆ ನಮ್ಮ ಊರಿನಲ್ಲಿ ಹೊತ್ತು ಏರಿದ ಮೇಲೆ ರಿಕ್ತಮುಖರು ಸಿಗುವುದು ದುರ್ಲಭವಾದ್ದರಿಂದ ಪ್ರಯೋಗಗಳನ್ನೆಲ್ಲ ಬೆಳಗ್ಗೆಯೇ ಮುಗಿಸುವುದು ಲೇಸು.

ಅವ್ಯಾಪ್ತಿದೋಷವು ಇದಕ್ಕಿಂತ ಗಂಭೀರವಾದುದು. ನಾಮದಾತೃವೇ ಉಚ್ಚರಿಸಲಾರದ ಹೆಸರುಗಳಿವೆ. ಪುಸ್ತಕದಲ್ಲಿಯೋ ಮೊಬೈಲಿನಲ್ಲಿಯೋ ಕಣ್ಣಿಗೆ ಬಿದ್ದು, ಕಣ್ಣಿಗೆ ಹಿತವಾಗಿ, ಬಾಯನ್ನು ಮುಟ್ಟದೆಯೇ ಮಗುವಿಗೆ ಅಂಟಿದಂಥವು. ಅಲ್ಲಿ ಮೂಲೋಚ್ಚಾರಣೆಯೇ ಇಲ್ಲದಿರುವಾಗ ಭ್ರಂಶವೆಲ್ಲಿಂದ ಬಂತು? ಇಂಥವನ್ನು ಅಪೌರುಷೇಯ ಕ್ಲಿಷ್ಟನಾಮಗಳೆಂದು ಪ್ರತ್ಯೇಕವಾಗಿ ಪರಿಗಣಿಸತಕ್ಕದ್ದು.

2. ಮುಖಕ್ಲಿಷ್ಟ

ಕ್ಲಿಷ್ಟನಾಮವು ತ್ರಿವಿಧ: ಮುಖಕ್ಲಿಷ್ಟ, ಲಿಪಿಕ್ಲಿಷ್ಟ, ದೈವಕ್ಲಿಷ್ಟ. ಇವುಗಳಲ್ಲಿ ಮುಖಕ್ಲಿಷ್ಟವು ಪುನಃ ಚತುರ್ವಿಧ.

(ಅ) ಮಹಾಪ್ರಾಣಜನ್ಯ. ಧ, ಭ, ಘ ಮೊದಲಾದ ವರ್ಣಗಳಲ್ಲಿ ಉಸಿರು ಹೆಚ್ಚು ವ್ಯಯವಾಗುತ್ತದೆ. ಗ್ರಾಮಜನರು ಉಸಿರನ್ನು ದುಡಿಮೆಗೆ ಉಳಿಸಿಕೊಳ್ಳುವುದರಿಂದ ಧನುಷ್ ಎಂಬ ಬಾಲಕನು 'ದನುಸು' ಆಗುತ್ತಾನೆ. ತಾಯಿತಂದೆಗಳು ಮೊದಲ ವರ್ಷ ತಿದ್ದುತ್ತಾರೆ, ಎರಡನೆಯ ವರ್ಷ ಮುಖ ಗಂಟು ಹಾಕಿಕೊಳ್ಳುತ್ತಾರೆ, ಮೂರನೆಯ ವರ್ಷ ತಾವೂ ದನುಸು ಎನ್ನುತ್ತಾರೆ. ಈ ಮೂರು ಅವಸ್ಥೆಗಳಿಗೆ ಕ್ರಮವಾಗಿ ಪ್ರತಿರೋಧ, ನಿರ್ವೇದ, ಸಾಯುಜ್ಯ ಎಂದು ಪಾರಿಭಾಷಿಕ ಸಂಜ್ಞೆ.

(ಆ) ಸಂಯೋಗಜನ್ಯ. ಒತ್ತಕ್ಷರಗಳ ನಿಬಿಡತೆಯಿಂದ ಉಂಟಾಗುವ ಕ್ಲೇಶ. ಇದರ ಪರಮೋದಾಹರಣೆಯು ಮುಂದಿನ ಅಧಿಕರಣದಲ್ಲಿ ತಟ್ಟೆಯ ಸಮೇತ ಬರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

(ಇ) ಹಲಂತಜನ್ಯ. ವ್ಯಂಜನದಲ್ಲಿ ಮುಗಿಯುವ ಹೆಸರುಗಳು ಈಚೆಗೆ ಬಹುಳವಾಗಿವೆ: ಋತ್ವಿಕ್, ವಿಹಾನ್, ಅದ್ವೈತ್. ಕನ್ನಡದ ಬಾಯಿ ವ್ಯಂಜನದ ಮೇಲೆ ನಿಲ್ಲಲೊಲ್ಲದು. ಕಾಲೂರಲು ಒಂದು ಉಕಾರವನ್ನು ಹಾಸಿಕೊಳ್ಳುತ್ತದೆ. ಬಸ್ ಬಸ್ಸಾದಂತೆ, ಟಿಕೆಟ್ ಟಿಕೆಟ್ಟಾದಂತೆ, ಋತ್ವಿಕ್ ಎಂಬ ಚಿರಂಜೀವಿಯು 'ರುತ್ವಿಕ್ಕು' ಆಗಿ ನಪುಂಸಕಲಿಂಗದ ಸಾಮಗ್ರಿಗಳ ಸಾಲಿಗೆ ಸೇರುತ್ತಾನೆ. ಇದು ಸಮೀಪಾಹ್ವಾನದ ಮಾತು. ದೂರಾಹ್ವಾನದ ಸಮಸ್ಯೆ ಬೇರೆ. ದೂರದಿಂದ ಕರೆಯುವಾಗ ಕೊನೆಯ ಸ್ವರವು ಪ್ಲುತವಾಗುತ್ತದೆ, ಮೂರು ಮಾತ್ರೆಯಷ್ಟು ಎಳೆಯಲ್ಪಡುತ್ತದೆ ಎಂದು ಪಾಣಿನಿ ಮಹರ್ಷಿಗಳು ಸೂತ್ರಿಸಿದ್ದಾರೆ. ಕಡ್ಲೆಕಾಯಿ ಹೊಲದ ಈ ಬದುವಿನಲ್ಲಿ ನಿಂತು 'ಸಿದ್ದಪ್ಪಾ' ಎಂದರೆ ಆ ಸ್ವರವು ನಾಲ್ಕು ಬದು ದಾಟಿ ಸಿದ್ದಪ್ಪನನ್ನು ಮುಟ್ಟುತ್ತದೆ. 'ಋತ್ವೀಕ್' ಎಂದರೆ ಈಕಾರವು ಹೊರಟುಹೋಗುತ್ತದೆ, ಕಕಾರವು ಕರೆದವನ ಕಾಲ ಬುಡದಲ್ಲೇ ಬೀಳುತ್ತದೆ. ಕಳೆದ ಸುಗ್ಗಿಯಲ್ಲಿ ಹೀಗೆ ಕರೆದಾಗ ಬಂದವಳು ಋತ್ವಿ ಎಂಬ ಬೇರೆ ಮನೆಯ ಹುಡುಗಿ.

(ಈ) ಹಕಾರಜನ್ಯ. ಈ ಪ್ರಭೇದವು ಪ್ರಕೃತ ಶಾಸ್ತ್ರದ ಹೃದಯ. ನಮ್ಮ ಸೀಮೆಯಲ್ಲಿ ಹೇಳುವುದಾದರೆ, ಶಾಸ್ತ್ರದ 'ರುದಯ'.

ಹಳಗನ್ನಡದ ಪದಾದಿಯ ಪಕಾರವು ಹತ್ತನೆಯ ಶತಮಾನದ ಆಸುಪಾಸಿನಿಂದ ಹಕಾರವಾಗುತ್ತ ಬಂತು. ಪಾಲ್ ಎಂಬುದು ಹಾಲು, ಪೂ ಎಂಬುದು ಹೂವು. ಈ ಪರಿಣಾಮವನ್ನು ವಿದ್ವಾಂಸರು ಮುಗಿದುಹೋದ ಸಂಗತಿಯೆಂದು ಪಠ್ಯಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಊರಿನ ಬಾಯಲ್ಲಿ ಅದು ಮುಗಿದಿಲ್ಲ, ಒಂದು ಹೆಜ್ಜೆ ಮುಂದಕ್ಕೂ ಹೋಗಿದೆ. ಹಾಲು 'ಆಲು' ಆಗಿದೆ, ಹೂವು 'ಊವು' ಆಗಿದೆ. ನೊಳಂಬರ ರಾಜಧಾನಿ ಪೆಂಜೇರು ಹೆಂಜೇರಾಯಿತು. ಇಂದಿಗೂ ಆ ಹಳೆಯ ಹೆಸರನ್ನು ಬಲ್ಲ ಮುದುಕರು ಅದನ್ನು 'ಎಂಜೇರು' ಎನ್ನುತ್ತಾರೆ. ಹೇಮಾವತಿ ಎಂಬ ಸಂಸ್ಕೃತನಾಮಧೇಯ ಬಂದ ಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಶಿರಾ ಬಸ್ಸಿನಲ್ಲಿ ಟಿಕೆಟ್ಟು ಕೇಳುವವರು "ಏಮಾವತಿ ಒಂದು" ಎನ್ನುತ್ತಾರೆ, ಕಂಡಕ್ಟರು ಕೊಡುತ್ತಾನೆ, ಬಸ್ಸು ಸರಿಯಾಗಿ ಇಲ್ಲಿಗೇ ಬರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತತ್ತ್ವವೊಂದಿದೆ. 'ಹೆಸರು' ಎಂಬ ಶಬ್ದವೇ ಈ ನಿಯಮಕ್ಕೆ ಒಳಪಟ್ಟಿದೆ: ಪೆಸರ್, ಹೆಸರು, ಎಸರು. ಎಸರು ಎಂದರೆ ಅನ್ನಕ್ಕೆ ಕಾಯಿಸುವ ನೀರು. ಹೀಗಾಗಿ 'ಹೆಸರಿಡು' ಮತ್ತು 'ಎಸರಿಡು' ಎಂಬ ಎರಡು ಕ್ರಿಯೆಗಳು ನಮ್ಮಲ್ಲಿ ಧ್ವನಿಯಿಂದ ಅಭಿನ್ನ. ನಾಮಕರಣದ ದಿವಸ ಈ ಎರಡೂ ಕ್ರಿಯೆಗಳು ಒಂದೇ ಮನೆಯಲ್ಲಿ ಒಂದೇ ಹೊತ್ತಿಗೆ ನಡೆಯುವುದರಿಂದ ಸಂದರ್ಭದಿಂದಲೂ ಅರ್ಥನಿರ್ಣಯ ಸಾಧ್ಯವಿಲ್ಲ. ಒಮ್ಮೆ ನಾನೇ ಪ್ರತ್ಯಕ್ಷವಾಗಿ ಕೇಳಿದ ಸಂವಾದವನ್ನು ಪ್ರಮಾಣವಾಗಿ ಕೊಡುತ್ತೇನೆ. ತಡವಾಗಿ ಬಂದ ನೆಂಟರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಎಸರಿಟ್ರೇನಮ್ಮಾ?" ಎಂದರು. ಒಳಗಿನಿಂದ ಉತ್ತರ ಬಂತು: "ಆಗ್ಲೇ ಇಟ್ವಿ ಕಣಣ್ಣಾ, ಕುದೀತಾ ಐತೆ." ಪ್ರಶ್ನೆಯು ನಾಮಪರ, ಉತ್ತರವು ತಂಡುಲಪರ. ನೆಂಟರು ತೃಪ್ತರಾಗಿ ಒಳಗೆ ಬಂದು ಕುಳಿತರು. ಅಲ್ಪಾಕ್ಷರದ ಪ್ರಶ್ನೆಯೊಂದು ಭಿನ್ನವಿಷಯಕ ಉತ್ತರದಿಂದ ಪೂರ್ಣವಾಗಿ ಶಮನಗೊಂಡ ಈ ದೃಷ್ಟಾಂತಕ್ಕೆ ನ್ಯಾಯದರ್ಶನದಲ್ಲಿ ಸಂಜ್ಞೆಯಿಲ್ಲ. ಇದಕ್ಕೆ 'ಎಸರುನ್ಯಾಯ' ಎಂದು ಇಲ್ಲಿ ನಾಮಕರಣ ಮಾಡಲಾಗಿದೆ.

3. ಲಿಪಿಕ್ಲಿಷ್ಟ

ಬರೆಹದ ಕ್ಲೇಶವನ್ನು ಆಧಾರಭೇದದಿಂದ ಎರಡಾಗಿ ವಿಭಜಿಸಬೇಕು: ಅಕ್ಕಿಯ ಮೇಲಿನದು, ಕಾಗದದ ಮೇಲಿನದು.

ಅಕ್ಕಿಯ ಮೇಲಿನದು ಪ್ರಾಚೀನ. ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಹೆಸರು ಬರೆದು, ಸೋದರತ್ತೆಯು ಮಗುವಿನ ಕಿವಿಯಲ್ಲಿ ಅದನ್ನು ಮೂರು ಸಲ ಹೇಳುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಂದು ಮನೆಯಲ್ಲಿ ಗಂಡುಮಗುವಿಗೆ ಧೃಷ್ಟದ್ಯುಮ್ನ ಎಂದು ಇಡಲು ತಂದೆಯು ನಿಶ್ಚಯಿಸಿದರು. ಕನ್ನಡ ಮೇಷ್ಟ್ರೆಂಬ ಕಾರಣಕ್ಕೆ ಬರೆಯಲು ನನ್ನನ್ನು ಕರೆದರು. ತಟ್ಟೆ ಅಗಲವಾದದ್ದೇ, ಸೋನಾ ಮಸೂರಿ ಅಕ್ಕಿ. 'ಧೃ' ಬರೆದಾಗ ಸುಳಿಯು ತಟ್ಟೆಯ ಅಂಚನ್ನು ಮುಟ್ಟಿತು. 'ಷ್ಟ'ದ ಒತ್ತಿಗೆ ಕೆಳಗೆ ಜಾಗ ಮಾಡಲು ಹೋದರೆ ಮೇಲಿನ ಷಕಾರವು ಕುಸಿದು ಪಕಾರವಾಯಿತು. 'ದ್ಯು' ಮುಗಿಯುವಷ್ಟರಲ್ಲಿ ಒಂದು ಹಿಡಿ ಅಕ್ಕಿ ಚಾಪೆಗೆ ಚೆಲ್ಲಿತ್ತು. ಇನ್ನು 'ಮ್ನ' ಬಾಕಿ. ಮನೆಯವರು ಇನ್ನೊಂದು ತಟ್ಟೆ ತಂದರು. ಹೀಗೆ ಕೊನೆಯ ಅಕ್ಷರವನ್ನು ಎರಡನೆಯ ತಟ್ಟೆಯಲ್ಲಿ ಬರೆಯಬೇಕಾದ ನಾಮಗಳಿಗೆ ದ್ವಿಸ್ಥಾಲೀಕ ಎಂಬ ಸಂಜ್ಞೆ. ಗ್ರಾಮೀಣ ಪಾತ್ರೆಪಡಗದ ದೃಷ್ಟಿಯಿಂದ ಎರಡು ಒತ್ತಕ್ಷರಗಳಿಗೆ ಮೀರಿದ ಹೆಸರು ಸರ್ವಥಾ ತ್ಯಾಜ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅನಂತರ ಅಗಳಿಯಿಂದ ಬಂದಿದ್ದ ಸೋದರತ್ತೆಯು ತೊಟ್ಟಿಲಿಗೆ ಬಾಗಿದಳು. ಎದುರು ಎರಡು ತಟ್ಟೆ. ಒಂದು 'ಧ', ಒಂದು 'ಋ', ಮೂರು ಸಂಯುಕ್ತಾಕ್ಷರ. ಆಕೆ ಒಮ್ಮೆ ನನ್ನ ಮುಖ, ಒಮ್ಮೆ ತಮ್ಮನ ಮುಖ ನೋಡಿ, ಸ್ಪಷ್ಟವಾಗಿ ಮೂರು ಬಾರಿ ಉಚ್ಚರಿಸಿದಳು: "ದುಷ್ಟದುಮ್ಮಣ್ಣ, ದುಷ್ಟದುಮ್ಮಣ್ಣ, ದುಷ್ಟದುಮ್ಮಣ್ಣ."

ತಂದೆಯು ಆಕ್ಷೇಪಿಸಿದರು. ಇಲ್ಲಿ ವಿಚಾರಣೀಯವಾದುದು, ಮಗುವಿನ ಹೆಸರು ಯಾವುದು? ತಂಡುಲದಲ್ಲಿ ಲಿಖಿತವಾದುದೋ, ಕರ್ಣದಲ್ಲಿ ಉಕ್ತವಾದುದೋ? ಶ್ರುತಿ, ಲಿಂಗ, ವಾಕ್ಯಾದಿ ಪ್ರಮಾಣಗಳು ಪರಸ್ಪರ ವಿರೋಧಿಸಿದಾಗ ಶ್ರುತಿಯೇ ಪ್ರಬಲವೆಂಬುದು ಮೀಮಾಂಸಕರ ಸಿದ್ಧಾಂತ. ಮಗುವಿಗೆ ಶ್ರುತವಾದುದು ದುಷ್ಟದುಮ್ಮಣ್ಣ. ಮೇಲಾಗಿ, ಲಿಖಿತ ಪ್ರಮಾಣವಾಗಿದ್ದ ಅಕ್ಕಿಯನ್ನು ಅಷ್ಟರಲ್ಲಿ ಒಳಗೆ ಒಯ್ದು ಎಸರಿಗೆ ಸುರಿದಿದ್ದರು. ಆದ್ದರಿಂದ ಪೂರ್ವಪದವನ್ನು ಸೌಜನ್ಯಕ್ಕಾಗಿ ಕೈಬಿಟ್ಟು, ದುಮ್ಮಣ್ಣ ಎಂಬುದೇ ಶಾಸ್ತ್ರೀಯ ನಾಮವೆಂದು ನಾನು ತೀರ್ಪಿತ್ತೆನು. ತಂದೆಯು ಒಪ್ಪಲಿಲ್ಲ. ಬೀದಿಯು ಒಪ್ಪಿತು. ಆ ಬಾಲಕನು ಈಗ ಮೂರನೆಯ ತರಗತಿಯಲ್ಲಿದ್ದಾನೆ. ಹಾಜರಿ ಕರೆಯುವಾಗ ಅವನ ಹೆಸರು ಬಂದ ಕೂಡಲೇ ಟೀಚರು ಮಾತು ನಿಲ್ಲಿಸಿ ತಲೆಯೆತ್ತಿ ಅವನನ್ನು ನೋಡುತ್ತಾರಂತೆ, ಅವನು "ಪ್ರೆಸೆಂಟ್" ಎನ್ನುತ್ತಾನಂತೆ. ಶಬ್ದವಿಲ್ಲದೆ ದೃಷ್ಟಿಮಾತ್ರದಿಂದ ಸಿದ್ಧಿಸುವ ಈ ಆಹ್ವಾನಕ್ಕೆ ಚಾಕ್ಷುಷನಾಮ ಎಂದು ಹೆಸರಿಡಬಹುದು.

ಕಾಗದದ ಮೇಲಿನ ಕ್ಲೇಶವು ಭಾಷಾಸಂಖ್ಯೆಯಿಂದ ಗುಣಿತವಾಗುತ್ತದೆ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳಾದ್ದರಿಂದ ಇವುಗಳ ನಡುವೆ ತಲೆಕಟ್ಟಿನ ಭೇದವೇ ಹೆಚ್ಚು, ಕ್ಲೇಶ ಕಡಿಮೆ. ಅಮರಾಪುರ 'ಅಮರಾಪುರಂ' ಆಗುವಂಥ ಅನುಸ್ವಾರಾಗಮವನ್ನು ದೋಷವೆನ್ನಲಾಗದು. ನಿಜವಾದ ಕ್ಲೇಶವು ಇಂಗ್ಲಿಷಿನಲ್ಲಿದೆ. 'ಶ್ರೀಕೃತಿ' ಎಂಬ ಹೆಸರನ್ನು ಗ್ರಹಿಸಿ. ಶಕಾರಕ್ಕೆ ಎಸ್ ಒಂದೇ ಸಾಕೋ, ಎಚ್ ಜೊತೆಗೆ ಬೇಕೋ? ಈಕಾರಕ್ಕೆ ಐಯೋ, ಎರಡು ಇಯೋ? ಕೃ ಎಂಬುದು ನಮ್ಮವರಂತೆ ಆರ್‌ಯುವೋ, ಉತ್ತರದವರಂತೆ ಆರ್‌ಐಯೋ? ತಕಾರಕ್ಕೆ ಬರಿಯ ಟಿಯೋ, ಟಿಎಚ್ಚೋ? ಕೊನೆಯಲ್ಲಿ ಐಯೋ, ವೈಯೋ? ಐದು ಸ್ಥಾನ, ಸ್ಥಾನಕ್ಕೆರಡು ವಿಕಲ್ಪ. ಎರಡನ್ನು ಐದು ಸಲ ಗುಣಿಸಿದರೆ 32 ರೂಪಗಳು. ನೊಳಂಬವಾಡಿಯ 32,000ಕ್ಕೆ ಇದು ಸರಿಯಾಗಿ ಸಾವಿರದಲ್ಲೊಂದು ಪಾಲು. ಇದು ಕಾಕತಾಳೀಯವೇ ಇರಬಹುದು. ದಾಖಲಿಸಿಡುವುದು ನನ್ನ ಕರ್ತವ್ಯ. ಆಧಾರ್, ರೇಷನ್ ಕಾರ್ಡು, ಪಟ್ಟಾದಾರು ಪಾಸುಪುಸ್ತಕ, ಹತ್ತನೆಯ ತರಗತಿಯ ಅಂಕಪಟ್ಟಿ ಎಂಬ ನಾಲ್ಕೇ ದಾಖಲೆಗಳಿರುವುದರಿಂದ ಒಬ್ಬ ವ್ಯಕ್ತಿಯು ಒಂದು ಜನ್ಮದಲ್ಲಿ 32ರ ಪೈಕಿ ಹೆಚ್ಚೆಂದರೆ ನಾಲ್ಕನ್ನು ಮಾತ್ರ ಬಳಸಬಲ್ಲನು. ಉಳಿದ 28 ವ್ಯರ್ಥ.

ಇಂಟಿಪೇರಿನ ಪ್ರಶ್ನೆ ಬೇರೆ. ತೆಲುಗರ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅರ್ಜಿಯಲ್ಲಿ ಅದಕ್ಕೊಂದು ಕಲಮು ಇರುತ್ತದೆ. ನಮ್ಮಂಥ ಮನೆಗಳಲ್ಲಿ ಇಂಟಿಪೇರು ಇಲ್ಲ. ಖಾಲಿ ಬಿಟ್ಟರೆ ಕಾಗದ ವಾಪಸು. ಯಾವುದೋ ಒಂದು ಕಾಲದಲ್ಲಿ ಯಾರೋ ಪುಣ್ಯಾತ್ಮರು ನನ್ನ ಕಾಗದದಲ್ಲಿ ಆ ಕಲಮಿಗೆ ಊರ ಹೆಸರನ್ನೇ ತುಂಬಿಬಿಟ್ಟರು. ಅಂದಿನಿಂದ ಆ ಕಾಗದದ ಮೂಲಕ ಬರುವ ಪತ್ರಗಳೆಲ್ಲ 'ಶ್ರೀಮತಿ ಹೇಮಾವತಿ' ಎಂದೇ ಬರುತ್ತವೆ. ಹೊಸ ಪೋಸ್ಟ್‌ಮ್ಯಾನ್ ಒಮ್ಮೆ ಬಾಗಿಲಲ್ಲಿ ನಿಂತು, "ಏಮಾವತಮ್ಮೋರು ಇದಾರಾ?" ಎಂದು ಕೇಳಿದನು. ಎಂಟನೆಯ ಶತಮಾನದಿಂದ ಇಲ್ಲೇ ಇದ್ದಾರೆ ಎಂದು ಹೇಳಬಹುದಿತ್ತು. ಸಹಿ ಹಾಕಿ ತೆಗೆದುಕೊಂಡೆ.

4. ದೈವಕ್ಲಿಷ್ಟ

27 ನಕ್ಷತ್ರಗಳಿಗೆ ನಾಲ್ಕರಂತೆ 108 ಪಾದಗಳು, ಪಾದಕ್ಕೊಂದು ನಾಮಾಕ್ಷರ. ಆರ್ದ್ರಾ ನಕ್ಷತ್ರದ ನಾಲ್ಕು ಪಾದಗಳಿಗೆ ಕು, ಘ, ಙ, ಛ ಎಂದು ಪಂಚಾಂಗದಲ್ಲಿದೆ. ಮೂರನೆಯ ಪಾದದಲ್ಲಿ ಹುಟ್ಟಿದ ಶಿಶುವಿನ ಹೆಸರು ಙಕಾರದಿಂದ ಆರಂಭವಾಗಬೇಕು. ಙಕಾರದಿಂದ ಆರಂಭವಾಗುವ ಶಬ್ದ ಕನ್ನಡದಲ್ಲಿಲ್ಲ, ತೆಲುಗಿನಲ್ಲಿಲ್ಲ, ಸಂಸ್ಕೃತದಲ್ಲಿಯೂ ವ್ಯವಹಾರಕ್ಕೆ ಸಿಗುವುದಿಲ್ಲ. ಹಸ್ತಾ ನಕ್ಷತ್ರದ ಣಕಾರಕ್ಕೂ ಇದೇ ಗತಿ. ಙ, ಞ, ಣಗಳಿಗೆ ಬದಲಾಗಿ ಗ, ಜ, ಡಗಳನ್ನು ಹಿಡಿಯಬೇಕೆಂದು ಜ್ಯೋತಿಷಿಕರು ಪರಿಹಾರ ಹೇಳುತ್ತಾರೆ. ಹೀಗೆ ಪರಿಹಾರವಿರುವುದರಿಂದ ಈ ಪ್ರಕಾರವು ಶಾಸ್ತ್ರಕ್ಕೆ ಅಷ್ಟೇನೂ ಉಪಕಾರಕವಲ್ಲ.

5. ಐತಿಹ್ಯ

ಕ್ಲಿಷ್ಟನಾಮವು ಆಧುನಿಕರ ಚಾಪಲ್ಯವೆಂಬ ಅಪವಾದವನ್ನು ನಮ್ಮ ಊರಿನ ಅರಸರೇ ನಿರಾಕರಿಸುತ್ತಾರೆ. ನೊಳಂಬರ ವಂಶಾವಳಿಯಲ್ಲಿ ಸಿಂಹಪೋತನ ಮಗ ಚಾರುಪೊನ್ನೇರ, ಅವನ ಮಗ ಪೊಳಲ್ಚೋರ, ಅವನ ಮಗ ಮಹೇಂದ್ರ. ಸಿಂಹಪೋತನೆಂದರೆ ಸಿಂಹದ ಮರಿ, ನುಡಿಯಬಹುದು. ಚಾರುಪೊನ್ನೇರದಲ್ಲಿ ಕ್ಲೇಶ ಆರಂಭವಾಗುತ್ತದೆ. ಪೊಳಲ್ಚೋರದಲ್ಲಿ ಪರಾಕಾಷ್ಠೆಗೆ ಮುಟ್ಟುತ್ತದೆ. ಪೊಳಲ್ ಎಂದರೆ ಊರಾದ್ದರಿಂದ ಇಂದಿನ ಕಿವಿಗೆ ಅದು ಊರುಗಳ್ಳ ಎಂದು ಕೇಳಿಸುವ ಅಪಾಯವೂ ಉಂಟು. ಅಷ್ಟಾದ ಮೇಲೆ ಮನೆಯವರು ಮಹೇಂದ್ರ ಎಂದಿಟ್ಟು ಉಸಿರು ಬಿಟ್ಟಿದ್ದಾರೆ. ಕ್ಲೇಶವು ತಲೆಮಾರಿನಿಂದ ತಲೆಮಾರಿಗೆ ಏರಿ ಒಮ್ಮೆಲೇ ಶೂನ್ಯಕ್ಕಿಳಿಯುವ ಈ ಕ್ರಮಕ್ಕೆ ಪೌತ್ರವಿಶ್ರಾಂತಿ ಎಂದು ಹೆಸರು. ಮುಂದೆ ಬಂದ ಇರಿವ ನೊಳಂಬನ ಹೆಸರು ಉಚ್ಚಾರಣೆಗೆ ಸುಲಭ. ಆದರೆ ತೊಟ್ಟಿಲಲ್ಲಿ ಬಿಟ್ಟ ಕೂಸಿಗೆ 'ಇರಿಯುವವನು' ಎಂದು ಮೂರು ಸಲ ಹೇಳಲು ಅತ್ತೆಯಾದವಳಿಗೆ ಎದೆ ಗಟ್ಟಿ ಬೇಕು.

ಗಂಗರ ಮಾರಸಿಂಹನು ನೊಳಂಬಕುಲಾಂತಕನೆಂದು ಬಿರುದು ಧರಿಸಿದನು. ಆದರೂ ಅವನ ತರುವಾಯವೂ ನೊಳಂಬರು ಇದ್ದರು. ಆ ಹೆಸರಿನ ಳಕಾರವನ್ನು ಅಂತಗೊಳಿಸಿದ್ದು ಒಕ್ಕಲುಮಕ್ಕಳ ನಾಲಗೆ, ನೊಳಂಬ ನೊಣಬನಾದ. ಖಡ್ಗಕ್ಕೆ ಸಾಧ್ಯವಾಗದ್ದು ಮುಖಕ್ಲೇಶಕ್ಕೆ ಸಾಧ್ಯವಾಯಿತೆಂದು ಇದರಿಂದ ಸಿದ್ಧ. ಏಳನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಚಾಲುಕ್ಯ ಪುಲಕೇಶಿಯನ್ನು ಪು-ಲೊ-ಕಿ-ಶೆ ಎಂದು ಬರೆದುಕೊಂಡು ಹೋದದ್ದೂ ಇಲ್ಲಿ ಸ್ಮರಣೀಯ. ಹರ್ಷವರ್ಧನನನ್ನು ತಡೆದ ಅರಸನಿಗೂ ಲಿಪಿಕಾರನನ್ನು ತಡೆಯಲಾಗಲಿಲ್ಲ.

ಲುಪ್ತವರ್ಣಗಳ ಒಂದು ಸಾಧ್ಯತೆಯನ್ನೂ ನಾನು ಪರಿಶೀಲಿಸಿದೆ. ಹಳಗನ್ನಡದ ಱ, ೞಗಳನ್ನು ಇಂದು ನುಡಿಯುವವರಿಲ್ಲ. ಕೇಶಿರಾಜನು ಹದಿಮೂರನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ೞಕಾರದ ಶಬ್ದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಜನ ಆಗಲೇ ತಪ್ಪುತ್ತಿದ್ದರೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ, ತಪ್ಪದವರಿಗೆ ಪಟ್ಟಿ ಏಕೆ? ಮಗುವಿಗೆ ೞಕಾರವುಳ್ಳ ಹೆಸರಿಟ್ಟರೆ ಬದುಕಿರುವ ಕನ್ನಡಿಗರಲ್ಲಿ ಯಾರೊಬ್ಬರೂ ಸರಿಯಾಗಿ ಕರೆಯಲಾರರು, ಆದ್ದರಿಂದ ಯಾರೊಬ್ಬರನ್ನೂ ತಿದ್ದುವ ಶ್ರಮವಿಲ್ಲ. ಮಗನಿಗೆ ಫೋನಿನಲ್ಲಿ ಇದನ್ನು ವಿವರಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಫೋನು ಕೊಡಿ" ಎಂದನು.

6. ಪ್ರಯೋಗ

ಈಗ ಸಿದ್ಧಾಂತವನ್ನು ಮೊಮ್ಮಗುವಿಗೆ ಅನ್ವಯಿಸತಕ್ಕದ್ದು. ಜನ್ಮನಕ್ಷತ್ರ ಪುಷ್ಯ, ದ್ವಿತೀಯ ಪಾದ. ಪುಷ್ಯದ ಅಕ್ಷರಗಳು ಹು, ಹೇ, ಹೋ, ಡ. ಆದ್ದರಿಂದ ಹೆಸರು ಹೇಕಾರಾದಿ. ಸ್ತ್ರೀನಾಮವು ವಿಷಮಾಕ್ಷರವಾಗಿ ಆಕಾರಾಂತವಾಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರ. ಸುಖೋದ್ಯವಾಗಿರಬೇಕೆಂದು ಮನು. ಯಾರೂ ಇಟ್ಟಿರಬಾರದೆಂದು ಮಗ.

ಹೇಮಾ: ಎರಡಕ್ಷರ, ಸಮಸಂಖ್ಯೆ; ತ್ಯಾಜ್ಯ. ಹೇಮಲತಾ: ನಾಲ್ಕು, ತ್ಯಾಜ್ಯ. ಹೇಮಾಂಗಿ: ಮೂರಕ್ಷರ ಸರಿ, ಇಕಾರಾಂತ, ತ್ಯಾಜ್ಯ. ಹೇಮಾವತಿ: ನಾಲ್ಕಕ್ಷರ, ಇಕಾರಾಂತ, ಮೇಲಾಗಿ ಅಜ್ಜನ ಇಂಟಿಪೇರು, ತ್ರಿದೋಷದಿಂದ ತ್ಯಾಜ್ಯ. ಏಳು ತಿಂಗಳ ಅನ್ವೇಷಣೆಯ ಬಳಿಕ ಹೇಮಜಾ ಎಂಬ ನಾಮವು ಲಭಿಸಿತು. ಮೂರಕ್ಷರ, ಆಕಾರಾಂತ, ಒತ್ತಕ್ಷರವಿಲ್ಲ, ಮಹಾಪ್ರಾಣವಿಲ್ಲ, ಒಂದೇ ತಟ್ಟೆ ಸಾಕು. ಕೊನೆಯ ಆಕಾರವು ಪ್ಲುತಕ್ಕೆ ಒದಗುವುದರಿಂದ ಹೊಲಕ್ಕೂ ಯೋಗ್ಯ.

ಪ್ರಯೋಗಾರ್ಥವಾಗಿ ಮನೆಯಾಕೆಗೆ ಅಡುಗೆಮನೆಯಿಂದ ಕರೆಯಲು ಹೇಳಿದೆ. ಆಕೆ ಮಡಕಶಿರಾ ಸೀಮೆಯವಳು. "ಏಮಜಾ!" ಎಂದಳು. ಎದುರುಮನೆಯ ಜಗುಲಿಯಲ್ಲಿ ಕುಳಿತಿದ್ದವರು, "ಏನಮ್ಮಾ ಅಂಥ ಮಜಾ?" ಎಂದು ವಿಚಾರಿಸಿದರು.

ಇದರಿಂದ ಅತ್ಯಂತ ಗಹನವಾದ ದೋಷವೊಂದು ಪ್ರಕಟವಾಯಿತು. ಹೇಕಾರವು ಸಂಸ್ಕೃತದಲ್ಲಿ ಸಂಬೋಧನಾವ್ಯಯ. ಹಕಾರ ಲೋಪಿಸಿ ಉಳಿಯುವ ಏಕಾರವು ಕನ್ನಡದಲ್ಲಿ ಸಂಬೋಧನಾವ್ಯಯ. ಆದ್ದರಿಂದ ಹೇಕಾರಾದಿಯಾದ ಹೆಸರು ಯಾವುದೇ ಇರಲಿ, ಅದರ ಮೊದಲಕ್ಷರವು ಕರೆಯಾಗಿಯೇ ವ್ಯಯವಾಗಿ, ಉಳಿದ ಭಾಗವೇ ಹೆಸರಾಗಿ ಕೇಳಿಸುತ್ತದೆ. ಅಂದರೆ ವಿಷಮಾಕ್ಷರದ ಹೆಸರಿಟ್ಟರೆ ಬೀದಿಗೆ ಕೇಳುವುದು ಸಮಾಕ್ಷರದ್ದು. ಬೀದಿಗೆ ವಿಷಮವಾಗಿ ಕೇಳಬೇಕಾದರೆ ಸಮಾಕ್ಷರದ್ದನ್ನು ಇಡಬೇಕು. ಅದಕ್ಕೆ ಸೂತ್ರಕಾರರ ನಿಷೇಧವಿದೆ. ಪುಷ್ಯ ದ್ವಿತೀಯ ಪಾದದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಹೇಮಾವತಿ ಗ್ರಾಮದಲ್ಲಿ ಶಾಸ್ತ್ರಸಮ್ಮತವಾದ ಹೆಸರು ಅಸಂಭವವೇ ಎಂಬ ಪ್ರಶ್ನೆಯು ಉತ್ತರಭಾಗದಲ್ಲಿ ಚರ್ಚಿತವಾಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ 'ಪಾಪ' ಎಂಬ ತಾತ್ಕಾಲಿಕ ಸಂಜ್ಞೆಯಿಂದ ವ್ಯವಹಾರ ನಡೆಯುತ್ತಿದೆ. ಮಗುವು ಅದಕ್ಕೆ ತಿರುಗಿ ನೋಡುತ್ತದೆ, ಇದು ಅಧ್ಯಾಸ.

ವಿಳಂಬಕ್ಕೆ ಹೆದರಬೇಕಾಗಿಲ್ಲ. ಸ್ವೀಡನ್ ದೇಶದ ದಂಪತಿಗಳಿಗೆ ಮಗುವಿನ ಐದನೆಯ ಹುಟ್ಟುಹಬ್ಬದೊಳಗೆ ಹೆಸರು ನೋಂದಾಯಿಸಲಿಲ್ಲವೆಂದು ದಂಡ ಬಿದ್ದಿತ್ತು. ಅವರು 1996ರಲ್ಲಿ 43 ಚಿಹ್ನೆಗಳ ಹೆಸರೊಂದನ್ನು ಕೊಟ್ಟು, ಇದನ್ನು 'ಆಲ್ಬಿನ್' ಎಂದು ಉಚ್ಚರಿಸತಕ್ಕದ್ದು ಎಂದರು. ಅಧಿಕಾರಿಗಳು ಒಪ್ಪಲಿಲ್ಲ. ಅವರಿಗೆ ಸಿಕ್ಕಿದ್ದು ಐದೇ ವರ್ಷ. ನಮ್ಮ ಕಾಯ್ದೆ ಉದಾರವಾದುದು: ನೋಂದಣಿಯಾದ ದಿನದಿಂದ 12 ತಿಂಗಳವರೆಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು, ತಡಶುಲ್ಕ ಕಟ್ಟಿದರೆ 15 ವರ್ಷದವರೆಗೂ ಸೇರಿಸಬಹುದು. ಉತ್ತರಭಾಗಕ್ಕೆ ಅಷ್ಟು ಕಾಲ ಸಾಕಾಗಬಹುದೆಂದು ನನ್ನ ಅಂದಾಜು. ಸೊಸೆಯ ಅಂದಾಜು ಬೇರೆಯಿದೆ.

ಆದ್ದರಿಂದ ವಾಚಕರಲ್ಲಿ ವಿನಂತಿ: ಹೇಕಾರದಿಂದ ಆರಂಭವಾಗಿ, ಮೂರೋ ಐದೋ ಅಕ್ಷರಗಳಿದ್ದು, ಆಕಾರದಲ್ಲಿ ಮುಗಿದು, ಹಕಾರ ಬಿದ್ದುಹೋದರೂ ಅರ್ಥ ಕೆಡದ ಹೆಸರು ಯಾರಿಗಾದರೂ ಹೊಳೆದರೆ ಒಂದು ಕಾರ್ಡು ಬರೆದು ಹಾಕಿ. ವಿಳಾಸದಲ್ಲಿ ಮಂಡಲದ ಹೆಸರು ಮರೆಯಬೇಡಿ, ಇಲ್ಲದಿದ್ದರೆ ಅದು ಹಾಸನದ ಕಡೆಗೆ ಹೋದೀತು. ನೋಂದಣಿಯಾಗಿ ಇಂದಿಗೆ 11 ತಿಂಗಳು 9 ದಿನ.